ಕಾಕಿನಾಡದ ಎಣ್ಣೆ ಮೇಲೆ ಬರಲು ಇಷ್ಟು ವರ್ಷ ಯಾಕೆ?

ಮೊನ್ನೆ ಕುಂಬಳೆಯಲ್ಲಿ ಚಹಾ ಕುಡಿಯುವಾಗ ಒಬ್ಬರು ಕೇಳಿದರು: "ನಮ್ಮ ತೋಟದ ಬದಿಯಲ್ಲಿ ಹೋದ ಗ್ಯಾಸ್ ಪೈಪು ಆ ಕಾಕಿನಾಡದ್ದೇ ಅಲ್ವಾ ಮಾರಾಯ್ರೇ?" ಅಲ್ಲ. ಅದು ಹೊರದೇಶದಿಂದ ಹಡಗಿನಲ್ಲಿ ಕೊಚ್ಚಿಗೆ ತಂದು, ಮಂಗಳೂರಿಗೆ ಕಳಿಸುವ ಗ್ಯಾಸ್. ಆಂಧ್ರದ ಕರಾವಳಿಯ ಕಾಕಿನಾಡದ ಕಥೆಯೇ ಬೇರೆ. ಅದರಲ್ಲೂ ಅಕ್ಕಪಕ್ಕದ ಎರಡು ಬ್ಲಾಕ್‌ಗಳು (ಎಣ್ಣೆ, ಗ್ಯಾಸ್ ತೆಗೆಯಲು ಕಡಲಲ್ಲಿ ಗುರುತಿಸಿದ ಜಾಗಗಳು) ಸೇರಿ ಗೋಜಲಾಗಿದೆ.

ಕೃಷ್ಣಾ, ಗೋದಾವರಿ ಹುಟ್ಟುವುದು ಪಶ್ಚಿಮ ಘಟ್ಟದಲ್ಲೇ, ಹರಿಯುವುದು ಮೂಡಕ್ಕೆ. ಅವು ಕಡಲು ಸೇರುವ ಕಾಕಿನಾಡದ ಬದಿಯಲ್ಲಿ ಕೋಟ್ಯಂತರ ವರ್ಷ ಬಿದ್ದ ಹೂಳಿನಡಿ ಎಣ್ಣೆ, ಗ್ಯಾಸ್ ಸೇರಿವೆ. ನಮ್ಮ ಚಂದ್ರಗಿರಿ ಹೊಳೆ ನೂರು ಕಿಲೋಮೀಟರಿಗೇ ಕಡಲು ಸೇರುತ್ತದೆ, ಅಷ್ಟು ಹೂಳು ಎಲ್ಲಿಂದ ತರಬೇಕು!

1974ರಲ್ಲಿ ಸಿಕ್ಕಿದ ಮುಂಬೈ ಹೈ ಎಂಬ ಕಡಲ ಎಣ್ಣೆ ನಿಕ್ಷೇಪ ಆಳವಿಲ್ಲದ ನೀರಿನದು. ಆಳದ ಕಡಲಿನ ಬ್ಲಾಕ್‌ಗಳನ್ನು ಕಂಪನಿಗಳಿಗೆ ಕೊಟ್ಟದ್ದು 2000ದಲ್ಲಿ. ಕಾಕಿನಾಡದ ಎರಡು ಬ್ಲಾಕ್‌ಗಳಲ್ಲಿ ಒಂದಾದ ರಿಲಯನ್ಸ್‌ನ ಡಿ6ರಲ್ಲಿ 2008ಕ್ಕೆ ಎಣ್ಣೆ, 2009ಕ್ಕೆ ಗ್ಯಾಸ್ ಬಂತು. ದಿನಕ್ಕೆ 80 ಮಿಲಿಯನ್ ಘನ ಮೀಟರ್ ಗ್ಯಾಸ್ ಎಂದು ಲೆಕ್ಕ ಹಾಕಿದ್ದರು. 2010ರಲ್ಲಿ 60 ದಾಟಿ, ಆಮೇಲೆ ಹಲವು ವರ್ಷ ಇಳಿಯುತ್ತಲೇ ಹೋಯಿತು. ಬಾವಿಗೆ ನೀರು, ಮರಳು ನುಗ್ಗಿತು ಎಂದರು ಕೆಲವರು. ಕೊರೆದ ಬಾವಿಗಳೇ ಕಡಿಮೆ ಎಂದರು ಇನ್ನು ಕೆಲವರು.

ಪಕ್ಕದ 98/2 ಬ್ಲಾಕ್ 2005ರಲ್ಲಿ ಸರಕಾರಿ ಎಣ್ಣೆ ಕಂಪನಿ ಒಎನ್‌ಜಿಸಿ ಕೈಗೆ ಬಂತು. ತನ್ನ ಗ್ಯಾಸ್ ಗಡಿ ದಾಟಿ ಡಿ6ಕ್ಕೆ ಹರಿದುಹೋಯಿತೆಂಬ ಅದರ ತಕರಾರು 2014ರಲ್ಲಿ ಕೋರ್ಟಿಗೂ ಹೋಯಿತು. ಗಡಿ ತಕರಾರು ಕಾಸರಗೋಡಿನವರಿಗೆ ವಿವರಿಸಬೇಕೇ! 98/2ರ ದೊಡ್ಡ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ, ಮೊದಲ ಎಣ್ಣೆ ಬಂದದ್ದು 2024ರ ಜನವರಿ 7ರಂದು. ನಡುವೆ ಕೋವಿಡ್ ಬಂತು, ನಿಜ. ಆದರೆ ಎಣ್ಣೆಯ ಗುಣವೂ ಸುಲಭದ್ದಲ್ಲ.

ಧನು ತಿಂಗಳ ಚಳಿಗೆ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ? ನಾವು ಬಿಸಿಲಿಗೆ ಇಡುತ್ತೇವೆ. 98/2ರ ಎಣ್ಣೆಯಲ್ಲೂ ಮೇಣ ಜಾಸ್ತಿ. ನೆಲದಡಿಯಿಂದ ಬಿಸಿಯಾಗಿಯೇ ಬರುತ್ತದೆ, ಆದರೆ ಆಳದ ಕಡಲ ತಳ ಫ್ರಿಜ್ಜಿನಷ್ಟು ತಣ್ಣಗೆ. ಅಲ್ಲಿ ಬಿಸಿಲೆಲ್ಲಿ? ಪೈಪಿನಲ್ಲೇ ಹೆಪ್ಪುಗಟ್ಟಿದರೆ ಕೆಲಸ ಕೆಟ್ಟಿತು. ಅದಕ್ಕೇ ಪೈಪಿನೊಳಗೆ ಪೈಪು ಇಟ್ಟು, ನಡುವೆ ಬಿಸಿ ಆರದಂತೆ ಹೊದಿಕೆ ಹಾಕಿದರು. ಎಣ್ಣೆ ಏರುವುದು ಮೇಲೆ ತೇಲುವ ಹಡಗಿಗೆ. ನೀರು, ಗ್ಯಾಸ್ ಬೇರ್ಪಡಿಸುವ ಕಾರ್ಖಾನೆಯೂ ಅದೇ, ಎಣ್ಣೆಯ ಗೋದಾಮೂ ಅದೇ.

ದಿನಕ್ಕೆ 45,000 ಬ್ಯಾರೆಲ್ ಎಣ್ಣೆ ಎಂಬುದು 98/2ರ ಗುರಿ. ಡಿ6ರ 80 ಏನಾಯಿತೆಂದು ನೋಡಿದ ಮೇಲೆ, ಗುರಿಯನ್ನು ಮಾತ್ರ ನಾನು ಪೆನ್ಸಿಲ್‌ನಲ್ಲೇ ಬರೆದುಕೊಳ್ಳುತ್ತೇನೆ.