ತಿದ್ದದ ಕಥೆ ಯಾವುದು?

ಚಿತ್ರಗಳಿರುವ ಹಳೆಯ ಕಿನ್ನರಿ ಕಥೆಗಳನ್ನು ಈ ಕಾಲಕ್ಕೆ ತಿದ್ದಬೇಕೋ ಬೇಡವೋ ಅನ್ನುವ ಜಗಳ ಆಗಾಗ ತಲೆ ಎತ್ತುತ್ತದೆ. ಮೂಲವನ್ನು ಮುಟ್ಟಬೇಡಿ ಅನ್ನುವವರೇ ಜಾಸ್ತಿ. ಆದರೆ ಮೂಲ ಅನ್ನೋದು ಯಾವುದು?

ಫ್ರಾನ್ಸಿನ ಚಾರ್ಲ್ಸ್ ಪೆರೋ 1697ರಲ್ಲಿ ತಂದ ಸಂಗ್ರಹದಲ್ಲಿ ಕೆಂಪು ಟೋಪಿಯ ಹುಡುಗಿಯನ್ನು ತೋಳ ತಿಂದುಬಿಡುತ್ತದೆ. ಕಾಪಾಡಲು ಯಾರೂ ಬರುವುದಿಲ್ಲ. ಕೊನೆಗೊಂದು ನೀತಿಪದ್ಯ: ನಯವಾಗಿ ಮಾತಾಡುವ ತೋಳಗಳನ್ನು ನಂಬಬೇಡಿ. ಬುದ್ಧಿ ಹೇಳಿದ್ದೆಲ್ಲ ಹುಡುಗಿಯರಿಗೆ. ತೋಳಕ್ಕೆ ಏನೂ ಇಲ್ಲ.

ನಿಜವಾದ ತಿದ್ದುಪಡಿ ಶುರುವಾಗಿದ್ದು ಜರ್ಮನಿಯ ಗ್ರಿಮ್ ಸಹೋದರರ ಮನೆಯಲ್ಲೇ. 1812ರ ಅವರ ಕಥಾಸಂಗ್ರಹದ ಮೊದಲ ಸಂಪುಟದಲ್ಲಿ ಚಿತ್ರಗಳಿರಲಿಲ್ಲ, ಟಿಪ್ಪಣಿಗಳಿದ್ದವು. ಅದರಲ್ಲಿ ಗೋಪುರದ ರಪುಂಜೆಲ್ 'ನನ್ನ ಬಟ್ಟೆ ಯಾಕೆ ಬಿಗಿಯಾಗ್ತಿದೆ?' ಎಂದು ಮುಗ್ಧವಾಗಿ ಕೇಳುತ್ತಾಳೆ. ಬಸಿರಿ ಅನ್ನುವುದು ಓದುವವರಿಗೆ ಗೊತ್ತಾಗುತ್ತದೆ. ಇದು ಮಕ್ಕಳಿಗೆ ಆಗಿಬರಲ್ಲ ಎಂದು ಆಕ್ಷೇಪ ಬಂತು, ಮಾತು ಬದಲಾಯಿತು. ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆಯಲ್ಲಿ ಮಕ್ಕಳನ್ನು ಕಾಡಿಗೆ ಬಿಡಿಸಿದ ಹೆತ್ತ ತಾಯಿ 1840ರ ಹೊತ್ತಿಗೆ ಮಲತಾಯಿಯಾದಳು. ಅಮ್ಮನ ಮರ್ಯಾದೆ ಉಳಿಯಿತು, ಅಲ್ವಾ? ಹಿಂಸೆಗೆ ಮಾತ್ರ ಈ ಮಡಿ ಇರಲಿಲ್ಲ. ಸಿಂಡ್ರೆಲಾಳ ಅಕ್ಕಂದಿರ ಕಣ್ಣನ್ನು ಪಾರಿವಾಳಗಳು ಕುಕ್ಕುವ ಭಾಗ 1812ರಲ್ಲಿ ಇರಲೇ ಇಲ್ಲ, 1819ರಲ್ಲಿ ಸೇರಿತು. 1825ರಲ್ಲಿ ಐವತ್ತು ಕಥೆಗಳ ಚಿಕ್ಕ ಪುಸ್ತಕ ಬಂತು. ಅದಕ್ಕೆ ಚಿತ್ರ ಬರೆದವನು ಈ ಸಹೋದರರ ತಮ್ಮ ಲುಡ್ವಿಗ್.

ಇಂಗ್ಲೆಂಡಿನ ಜಾರ್ಜ್ ಕ್ರೂಕ್‌ಶ್ಯಾಂಕ್ ಇದೇ ಕಥೆಗಳಿಗೆ ಚಿತ್ರ ಬರೆದು ಹೆಸರು ಮಾಡಿದವನು. ಕುಡಿತ ಬಿಟ್ಟ ಮೇಲೆ, 1853ರಿಂದ, ಕಥೆಗಳಿಗೂ ಕುಡಿತ ಬಿಡಿಸಲು ಹೊರಟ. ಅವನ ಸಿಂಡ್ರೆಲಾ ಮದುವೆಯಲ್ಲಿ ಅರಮನೆಯ ಹೆಂಡವನ್ನೆಲ್ಲ ರಾಶಿ ಹಾಕಿ ಸುಡುತ್ತಾರೆ! ಕಥೆಗಳಿಗೆ ಹೀಗೆ ನೀತಿ ತುರುಕುವುದನ್ನು ಕಂಡು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1853ರಲ್ಲೇ ಸಿಟ್ಟಿಗೆದ್ದು ಲೇಖನವನ್ನೇ ಬರೆದಿದ್ದ.

ಬಾಯಿಬಿಟ್ಟು ಹೇಳುವ ನೀತಿಯಾದರೆ ಹೀಗೆ ಜಗಳಕ್ಕೆ ಸಿಗುತ್ತದೆ. ಚಿತ್ರ ಸುಮ್ನೆ ಕೆಲಸ ಮಾಡುತ್ತದೆ. 1870ರ ದಶಕದಲ್ಲಿ ವಾಲ್ಟರ್ ಕ್ರೇನ್ ಬರೆದ ನೀಲಿಗಡ್ಡದವನ ಕಥೆಯ ಚಿತ್ರ ನೋಡಿ. ಹೆಂಡತಿ ಬೀಗದ ಕೈ ಹಿಡಿದು, ಗಂಡ ತೆರೆಯಬೇಡವೆಂದ ಕೋಣೆಯತ್ತ ಇಳಿಯುತ್ತಿದ್ದಾಳೆ. ಹಿಂದಿನ ಗೋಡೆಯಲ್ಲಿ ಬೈಬಲ್ಲಿನ ಈವ್, ದೇವರು ಬೇಡವೆಂದ ಹಣ್ಣು ಕೀಳುತ್ತಿದ್ದಾಳೆ. ಸಾಲು ಸಾಲು ಹೆಂಡತಿಯರನ್ನು ಕೊಂದವನು ಗಂಡ. ಚಿತ್ರ ಬೆರಳು ತೋರಿಸುವುದು ಅವಳ ಕುತೂಹಲಕ್ಕೆ.

1937ರ ಡಿಸ್ನಿ ಸಿನಿಮಾದಲ್ಲಿ ಸ್ನೋ ವೈಟ್ ಯಾರೂ ಹೇಳದಿದ್ದರೂ ಕುಳ್ಳರ ಮನೆ ಗುಡಿಸುತ್ತಾಳೆ. 1970ರ ನಂತರ ಸ್ತ್ರೀವಾದಿಗಳು ಇಂಥದ್ದನ್ನೆಲ್ಲ ಪ್ರಶ್ನಿಸಿದರು, ಹೊಸ ಕಥೆಗಳೂ ಬಂದವು. ಈಗಿನ ಚರ್ಚೆ ಹೆಚ್ಚಾಗಿ ಪದಗಳ ಸುತ್ತಲೇ ನಡೆಯುತ್ತದೆ. ಕ್ರೇನ್ ಕಾಲದ ಹಳೆಯ ಪುಸ್ತಕಗಳ ಚಿತ್ರಗಳ ಹಕ್ಕುಸ್ವಾಮ್ಯ ಮುಗಿದಿದೆ, ಯಾರು ಬೇಕಾದರೂ ಇದ್ದ ಹಾಗೇ ಅಚ್ಚು ಹಾಕಬಹುದು.