ಲಂಟಾನದ ಹಳದಿ ಮತ್ತು ಚಿಟ್ಟೆಯ ಲೆಕ್ಕ

ಕಣ್ಣಿಗೆ ರಾಚುವ ಹೂವಿನ ಗಿಡವನ್ನು ನೆಟ್ಟರೆ ಸಾಕು, ಚಿಟ್ಟೆಗಳು ತಾವಾಗಿಯೇ ಬರುತ್ತವೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಚಿಟ್ಟೆ ಬಣ್ಣಕ್ಕೆ ಓಗೊಡುವುದು ನಿಜ. ಆದರೆ ಅದು ಹುಡುಕುವುದು ಬಣ್ಣದ ಹಿಂದಿರುವ ಮಕರಂದವನ್ನು.

ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ಜೀವವಿಜ್ಞಾನಿ ಫ್ರಿಟ್ಸ್ ಮ್ಯೂಲರ್ 1877ರಲ್ಲಿ ಡಾರ್ವಿನ್‌ಗೆ ಲಂಟಾನವೊಂದರ ಬಗ್ಗೆ ಬರೆದರು. ಅದರ ಹೂವು ಮೊದಲ ದಿನ ಹಳದಿ, ಎರಡನೆಯ ದಿನ ಕಿತ್ತಳೆ, ಮೂರನೆಯ ದಿನ ನೇರಳೆ. ನೇರಳೆ ಹೂವನ್ನು ಯಾವ ಚಿಟ್ಟೆಯೂ ಮುಟ್ಟುತ್ತಿರಲಿಲ್ಲ. ಕೆಲವು ಜಾತಿಯವಂತೂ ಹಳದಿಯನ್ನು ಬಿಟ್ಟು ಬೇರೆಡೆ ಸೊಂಡಿಲು ಚಾಚುತ್ತಿರಲಿಲ್ಲ. ಹಾಗಾದರೆ ಹಳೆಯ ಹೂಗಳು ಉದುರದೆ ಉಳಿಯುವುದೇಕೆ? ಅವು ಗೊಂಚಲು ದೂರದಿಂದಲೇ ಎದ್ದು ಕಾಣುವಂತೆ ಮಾಡುತ್ತವೆ, ಹತ್ತಿರ ಬಂದ ಚಿಟ್ಟೆಗೆ ಬದಲಾದ ಬಣ್ಣವು ವ್ಯರ್ಥ ಪ್ರಯತ್ನವನ್ನು ತಪ್ಪಿಸುತ್ತದೆ ಎಂಬುದು ಮ್ಯೂಲರ್ ಕೊಟ್ಟ ಸೊಗಸಾದ ಉತ್ತರ.

ಚಿಟ್ಟೆಯ ಸೊಂಡಿಲೂ ಅಷ್ಟೇ ಸ್ವಾರಸ್ಯಕರ. ಕೋಶದಿಂದ ಹೊರಬಂದಾಗ ಎರಡು ಸೀಳುಗಳಾಗಿರುವ ಅದು ಬಳಿಕ ಬೆಸೆದುಕೊಂಡು ಒಂದೇ ಕೊಳವೆಯಾಗುತ್ತದೆ. ತಲೆಯೊಳಗಿನ ಸ್ನಾಯುಗಳ ಪಂಪು ಮಕರಂದವನ್ನು ಮೇಲಕ್ಕೆ ಸೆಳೆಯುತ್ತದೆ. ಇಷ್ಟು ಸಣ್ಣ ಕೊಳವೆಯಲ್ಲಿ ದ್ರವದ ಸ್ನಿಗ್ಧತೆಯೇ, ಅಂದರೆ ಹರಿಯಲು ಅದು ಒಡ್ಡುವ ತಡೆಯೇ, ನಿರ್ಣಾಯಕ. ಶೇಕಡಾ 60ರ ಸಕ್ಕರೆ ದ್ರಾವಣವು ಶೇಕಡಾ 20ರ ದ್ರಾವಣಕ್ಕಿಂತ ಸುಮಾರು 30 ಪಟ್ಟು ಹೆಚ್ಚು ಸ್ನಿಗ್ಧವಾಗಿರುತ್ತದೆ. ಚಿಟ್ಟೆಗಳನ್ನು ನೆಚ್ಚಿಕೊಂಡ ಹೂಗಳ ಮಕರಂದ ಸಾಮಾನ್ಯವಾಗಿ ತೆಳುವಾಗಿರುವುದು ಇದಕ್ಕೆ ಹೊಂದುತ್ತದೆ.

ಕೇಪಳ, ಪೆಂಟಾಸ್, ಲಂಟಾನಗಳಲ್ಲಿ ಕಿರಿದಾದ ಕೊಳವೆಯ ಹೂಗಳು ಒತ್ತಾಗಿ ಅರಳುವುದರಿಂದ ಚಿಟ್ಟೆ ಒಂದೆಡೆ ಕುಳಿತೇ ಹಲವು ಹೂಗಳನ್ನು ಹೀರಬಹುದು. ಬಹುದಳದ ತಳಿಗಳು ನೋಡಲು ಭರ್ಜರಿಯಾಗಿದ್ದರೂ ನನಗೆ ಅವುಗಳ ಬಗ್ಗೆ ಒಲವಿಲ್ಲ: ಅಲ್ಲಿ ಅನೇಕ ವೇಳೆ ಕೇಸರಗಳೇ ದಳಗಳಾಗಿ ಮಾರ್ಪಟ್ಟು, ಮಕರಂದ ಕಡಿಮೆಯಾಗುತ್ತದೆ ಇಲ್ಲವೇ ಅದರ ದಾರಿ ಮುಚ್ಚಿಹೋಗುತ್ತದೆ. ಲಂಟಾನವು ಅಮೆರಿಕದ ಉಷ್ಣವಲಯದ ಆಚೆ ಅನೇಕ ಕಡೆ ಕಳೆಯಾಗಿ ಹಬ್ಬಿರುವುದರಿಂದ, ಬೀಜ ಕಟ್ಟದ ತಳಿಯನ್ನೇ ಆರಿಸಬೇಕು.

ಗಿಡಕ್ಕೆ ಬಿಸಿಲು ಬೇಕು, ಚಿಟ್ಟೆಗೂ ಬೇಕು. ಹಾರುವ ಸ್ನಾಯುಗಳು ಬೆಚ್ಚಗಾಗದೆ ಅದು ಮೇಲೇಳಲಾರದು. ಹೂಬಿಟ್ಟು ಮುಗಿದ ಕೊಂಬೆಗಳನ್ನು ಸವರಿ ಕತ್ತರಿಸಿದರೆ ಹೊಸ ಚಿಗುರಿನಲ್ಲಿ ಮತ್ತೆ ಮೊಗ್ಗು ಬರುತ್ತದೆ.

ಮಕರಂದವಿದ್ದರೂ ಮೊಟ್ಟೆಯಿಡಲು ಬೇರೆಯೇ ಗಿಡ ಬೇಕಾಗುತ್ತದೆ. ಹೆಣ್ಣು ಚಿಟ್ಟೆ ಮುಂಗಾಲಿನಿಂದ ಎಲೆಯನ್ನು ತಟ್ಟಿ, ಅದರ ರಾಸಾಯನಿಕಗಳ ರುಚಿ ನೋಡಿ ನಿರ್ಧರಿಸುತ್ತದೆ. ನಿಂಬೆಯ ಕುಲದ ಗಿಡಗಳು ಬಾಲದ ಚಿಟ್ಟೆಗಳ ಹಲವು ಜಾತಿಗಳ ಮರಿಹುಳುಗಳಿಗೆ ಆಹಾರ. ಆ ಎಲೆಗಳು ತೂತಾದವೆಂದು ಕೀಟನಾಶಕ ಸಿಂಪಡಿಸುವವರು ಪಕ್ಕದಲ್ಲಿ ಕೇಪಳ ನೆಟ್ಟು ಚಿಟ್ಟೆಗಾಗಿ ಕಾಯುವುದರಲ್ಲಿ ಅರ್ಥವಿಲ್ಲ.