ನಮ್ಮ ವ್ಯಾಪಾರಕ್ಕೆ ಯಾವ ಕ್ಲೌಡ್: ಅಮೆಜಾನ್, ಮೈಕ್ರೋಸಾಫ್ಟ್ ಅಥವಾ ಗೂಗಲ್?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಔಷಧಗಳ ಸಗಟು ವ್ಯಾಪಾರ. ಹನ್ನೆರಡು ಮಂದಿ ಕೆಲಸಗಾರರಿದ್ದಾರೆ. ಲೆಕ್ಕಪತ್ರದ ಟ್ಯಾಲಿ ಮತ್ತು ದಾಸ್ತಾನು ನೋಡಿಕೊಳ್ಳುವ ತಂತ್ರಾಂಶ ಎರಡೂ ಕಚೇರಿಯ ಮೂಲೆಯಲ್ಲಿರುವ ಹಳೆಯ ಸರ್ವರಿನಲ್ಲಿವೆ. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟ ದಿನ ಬಿಲ್ಲಿಂಗ್ ನಿಂತೇ ಹೋಗುತ್ತದೆ. ಕ್ಲೌಡಿಗೆ ಹೋಗಿ, ಅಂದರೆ ದೊಡ್ಡ ಕಂಪನಿಯ ಸರ್ವರನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಮೂರು ದೊಡ್ಡ ಕಂಪನಿಗಳಲ್ಲಿ ಯಾವುದು ಒಳ್ಳೆಯದು, ಯಾವುದು ಅಗ್ಗ?

ಉತ್ತರ: ಊರು ಮತ್ತು ವ್ಯಾಪಾರ ಬೇರೆಯಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹನ್ನೆರಡು ಜನರ ಕಚೇರಿಗೆ ಬೇಕಾದ ಕೆಲಸವನ್ನು ಮೂವರೂ ಚೆನ್ನಾಗಿಯೇ ಮಾಡುತ್ತಾರೆ. ನಿಮಗೆ ವ್ಯತ್ಯಾಸವಾಗುವುದು ಬೇರೆ ಕಡೆ: ನಿಮ್ಮ ಬಳಿ ಈಗಾಗಲೇ ಯಾವ ಲೈಸೆನ್ಸ್ ಇದೆ, ಕೆಟ್ಟಾಗ ಬಂದು ನೋಡುವವರು ಯಾರು, ತಿಂಗಳ ಕೊನೆಯ ಬಿಲ್ಲಿನಲ್ಲಿ ಯಾವ ಸಾಲು ನಿಮ್ಮ ಕಣ್ಣು ತಪ್ಪಿಸುತ್ತದೆ. ಬೆಲೆಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಮೂರರಲ್ಲಿ ಒಂದೂ ಕಾಣುವುದಿಲ್ಲ.

ಮೊದಲು ಲೈಸೆನ್ಸ್. ಟ್ಯಾಲಿ ವಿಂಡೋಸ್ ಮೇಲೆ ಓಡುವ ತಂತ್ರಾಂಶ. ಅಮೆಜಾನ್ ಅಥವಾ ಗೂಗಲ್‌ನಲ್ಲಿ ವಿಂಡೋಸ್ ಯಂತ್ರವನ್ನು ಬಾಡಿಗೆಗೆ ಪಡೆದರೆ ಸಾಮಾನ್ಯವಾಗಿ ವಿಂಡೋಸಿನ ಶುಲ್ಕವೂ ಗಂಟೆಯ ಬಾಡಿಗೆಯಲ್ಲಿ ಸೇರಿರುತ್ತದೆ. ಮೈಕ್ರೋಸಾಫ್ಟಿನ ಕ್ಲೌಡ್ ಆದ ಅಜೂರ್‌ನಲ್ಲಿ, ನಿಮ್ಮ ವಿಂಡೋಸ್ ಸರ್ವರ್ ಅಥವಾ (ದತ್ತಾಂಶವನ್ನು ಇಡುವ ತಂತ್ರಾಂಶವಾದ) ಎಸ್‌ಕ್ಯೂಎಲ್ ಸರ್ವರ್ ಲೈಸೆನ್ಸಿಗೆ ಸಾಫ್ಟ್‌ವೇರ್ ಅಶೂರೆನ್ಸ್ ಎಂಬ ಒಪ್ಪಂದ ಜಾರಿಯಲ್ಲಿದ್ದರೆ, ಅದೇ ಲೈಸೆನ್ಸನ್ನು ಅಲ್ಲಿಗೆ ಒಯ್ದು ಬಾಡಿಗೆ ಇಳಿಸಿಕೊಳ್ಳಬಹುದು. ಹಳೆಯ ಸರ್ವರ್ ಕೊಂಡಾಗ ಪೆಟ್ಟಿಗೆಯ ಜೊತೆಗೆ ಬಂದ ಲೈಸೆನ್ಸ್ ಮಾತ್ರ ಇದ್ದರೆ ಈ ರಿಯಾಯಿತಿ ಸಾಮಾನ್ಯವಾಗಿ ದಕ್ಕುವುದಿಲ್ಲ. ಇನ್ನೊಂದು ಖರ್ಚು ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದ ಯಂತ್ರವನ್ನು ನಿಮ್ಮ ಪರದೆಯ ಮೇಲೆ ತೆರೆದು ಕೆಲಸ ಮಾಡುವ ಪರವಾನಗಿಯದು. ವಿಂಡೋಸ್ ಸರ್ವರಿಗೆ ದೂರದಿಂದ ಇಬ್ಬರು ಮಾತ್ರ, ಅದೂ ನಿರ್ವಹಣೆಯ ಕೆಲಸಕ್ಕೆಂದು, ಪರವಾನಗಿಯಿಲ್ಲದೆ ಪ್ರವೇಶಿಸಬಹುದು. ದಿನವಿಡೀ ಅದರಲ್ಲಿ ಬಿಲ್ ಹಾಕುವ ಪ್ರತಿಯೊಬ್ಬರಿಗೂ ಪರವಾನಗಿ ಬೇಕು. ನಾನು ನೋಡಿದ ಎಷ್ಟೋ ಕೊಟೇಶನ್‌ಗಳಲ್ಲಿ ಈ ಸಾಲೇ ಇರಲಿಲ್ಲ. ನಿಮ್ಮ ಕೈಗೆ ಬರುವ ಕೊಟೇಶನ್ನಿನಲ್ಲಿ ಇದನ್ನು ಬೆರಳಿಟ್ಟು ಹುಡುಕಿ.

ಟ್ಯಾಲಿ ಬೆಂಗಳೂರಿನ ಕಂಪನಿ. ಅಮೆಜಾನ್ ಕ್ಲೌಡಿನ ಮೇಲೆ ತಾನೇ ಒಂದು ಸೇವೆಯನ್ನೂ ನಡೆಸುತ್ತಿದೆ. ಬರೀ ಲೆಕ್ಕಪತ್ರದ ಚಿಂತೆಯಾಗಿದ್ದರೆ ಅದನ್ನು ವಿಚಾರಿಸಿದರೆ ಸಾಕಿತ್ತು. ನಿಮ್ಮಲ್ಲಿ ದಾಸ್ತಾನಿನ ತಂತ್ರಾಂಶವೂ ಇರುವುದರಿಂದ ಅದನ್ನು ಬರೆದುಕೊಟ್ಟವರ ಮಾತು ಇಲ್ಲಿ ಮುಖ್ಯ. ಅವರು ಈಗಾಗಲೇ ಯಾವ ಕ್ಲೌಡಿನಲ್ಲಿ ಬೇರೆ ಗಿರಾಕಿಗಳನ್ನು ನಡೆಸುತ್ತಿದ್ದಾರೋ ಅದಕ್ಕೆ ನನ್ನ ಅರ್ಧ ಓಟು.

ಮೂವರ ಸ್ವಭಾವವನ್ನೂ ಹೇಳಿಬಿಡುತ್ತೇನೆ. ಅಮೆಜಾನ್ 2006ರಲ್ಲೇ ಸಂಗ್ರಹಣೆ ಮತ್ತು ಬಾಡಿಗೆ ಯಂತ್ರ ಎರಡನ್ನೂ ತೆರೆದು ಎಲ್ಲರಿಗಿಂತ ಮುಂದೆ ಹೊರಟಿತು. ಹಾಗಾಗಿ ಅದನ್ನು ಬಲ್ಲ ಎಂಜಿನಿಯರುಗಳು ಸುಲಭವಾಗಿ ಸಿಗುತ್ತಾರೆ. ಮೈಕ್ರೋಸಾಫ್ಟ್ 2010ರಲ್ಲಿ ವಾಣಿಜ್ಯ ಸೇವೆ ಆರಂಭಿಸಿತು. ಕಚೇರಿಯ ಇಮೇಲ್, ಎಕ್ಸೆಲ್, ಲಾಗಿನ್ ಎಲ್ಲವೂ ಅದರದ್ದೇ ಆಗಿರುವವರಿಗೆ ಅಲ್ಲಿ ಒಂದೇ ಖಾತೆಯಲ್ಲಿ ಸಂಸಾರ ಸಾಗುತ್ತದೆ. ಗೂಗಲ್‌ನ ಬಲ ದತ್ತಾಂಶದ ವಿಶ್ಲೇಷಣೆಯಲ್ಲಿದೆ. ಅದರ ಬಿಗ್‌ಕ್ವೆರಿ ಎಂಬ ವಿಶ್ಲೇಷಣೆಯ ಸೇವೆಯಲ್ಲಿ ತಿಂಗಳಿಗೆ 1 ಟಿಬಿಯಷ್ಟು (ಸುಮಾರು ಸಾವಿರ ಜಿಬಿ) ದತ್ತಾಂಶವನ್ನು ಉಚಿತವಾಗಿ ಜಾಲಾಡಬಹುದು. ಹತ್ತು ವರ್ಷದ ಮಾರಾಟದಲ್ಲಿ ಯಾವ ಔಷಧ ಯಾವ ತಿಂಗಳು ಹೆಚ್ಚು ಹೋಗುತ್ತದೆ ಎಂದು ನೋಡುವವರಿಗೆ ಅದು ನಿಜಕ್ಕೂ ಒಳ್ಳೆಯ ಸಾಧನ. ನಿಮ್ಮ ಇಂದಿನ ಸಂಕಟ ಅದಲ್ಲ.

ದತ್ತಾಂಶ ಎಲ್ಲಿರಬೇಕು? ಅಮೆಜಾನ್‌ನ ದತ್ತಾಂಶ ಕೇಂದ್ರ ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ಇದೆ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ ಕೇಂದ್ರ ತೆರೆಯಿತು. ಗೂಗಲ್ 2017ರಲ್ಲಿ ಮುಂಬೈಗೆ, 2021ರಲ್ಲಿ ದೆಹಲಿಗೆ ಬಂತು. ದಾವಣಗೆರೆಯಿಂದ ಇವುಗಳಲ್ಲಿ ಯಾವುದಾದರೂ ಆದೀತು. ಆದರೆ ಖಾತೆ ತೆರೆದು ಯಂತ್ರ ಸೃಷ್ಟಿಸುವಾಗ ಅಮೆರಿಕದ ಯಾವುದೋ ಕೇಂದ್ರ ತಾನಾಗಿ ಆಯ್ಕೆಯಾಗಿರುವುದುಂಟು. ಹಾಗೇ ಬಿಟ್ಟರೆ ಬಿಲ್ಲಿಂಗ್‌ನವರು ಒತ್ತಿದ ಪ್ರತಿ ಕೀಲಿಯೂ ಸಮುದ್ರ ದಾಟಿ ಹೋಗಿ ಬರಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕಾನೂನಿನ ಮಾತೂ ಇದೆ: ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಇರಬೇಕೆಂದು ಕಂಪನಿ ನಿಯಮಗಳು 2022ರಿಂದ ಹೇಳುತ್ತವೆ.

ಈಗ ದುಡ್ಡು. ಒಂದು ತಿಂಗಳೆಂದರೆ ಸುಮಾರು 730 ಗಂಟೆ. ನಿಮ್ಮ ಕಚೇರಿ ದಿನಕ್ಕೆ 10 ಗಂಟೆಯಂತೆ 26 ದಿನ ತೆರೆದಿದ್ದರೆ 260 ಗಂಟೆ. ರಾತ್ರಿ ಮತ್ತು ಭಾನುವಾರ ಯಂತ್ರವನ್ನು ನಿಲ್ಲಿಸಿದರೆ ಗಂಟೆಯ ಬಾಡಿಗೆ ಮೂರನೇ ಒಂದು ಭಾಗಕ್ಕೆ ಹತ್ತಿರ ಇಳಿಯುತ್ತದೆ. ಕಂಪನಿ ಕಂಪನಿಗಳ ನಡುವಿನ ದರದ ವ್ಯತ್ಯಾಸ ಇದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ನಿಲ್ಲಿಸುವ ರೀತಿ ಮಾತ್ರ ಸರಿಯಿರಬೇಕು. ಅಜೂರ್‌ನಲ್ಲಿ ವಿಂಡೋಸಿನ ಒಳಗಿನಿಂದ ಶಟ್‌ಡೌನ್ ಒತ್ತಿದರೆ ಪರದೆ ಕಪ್ಪಾಗುತ್ತದೆ, ಬಾಡಿಗೆ ಮಾತ್ರ ಓಡುತ್ತಲೇ ಇರುತ್ತದೆ. ಅಜೂರ್‌ನ ನಿಯಂತ್ರಣ ಪುಟಕ್ಕೆ ಹೋಗಿ ಅಲ್ಲಿಂದ ನಿಲ್ಲಿಸಿ, ಯಂತ್ರದ ಎದುರು ‘ಡೀಅಲೊಕೇಟೆಡ್’ (ಯಂತ್ರವನ್ನು ಬಿಟ್ಟುಕೊಡಲಾಗಿದೆ) ಎಂದು ಬಂದಿದೆಯೇ ನೋಡಬೇಕು. ಹಾಗೆ ನಿಲ್ಲಿಸಿದಾಗಲೂ ಡಿಸ್ಕಿನ ಬಾಡಿಗೆ ಮೂವರಲ್ಲೂ ನಿಲ್ಲುವುದಿಲ್ಲ. ಅಮೆಜಾನ್ 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿ ವಿಳಾಸಕ್ಕೂ (ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಗಂಟೆಗೆ ಅರ್ಧ ಸೆಂಟ್, ಅಂದರೆ ತಿಂಗಳಿಗೆ ಮೂರೂವರೆ ಡಾಲರಿಗಿಂತ ಸ್ವಲ್ಪ ಹೆಚ್ಚು, ವಸೂಲು ಮಾಡುತ್ತಿದೆ. ಇದೆಲ್ಲದರ ಮೇಲೆ 18% ಜಿಎಸ್‌ಟಿ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಸರಿಯಾಗಿ ಬಂದಿದೆಯೇ ಎಂದು ಮೊದಲ ತಿಂಗಳೇ ಆಡಿಟರಿಗೆ ತೋರಿಸಿ.

ಹೊರಹೋಗುವ ದತ್ತಾಂಶದ ಶುಲ್ಕ ಇನ್ನೊಂದು. ಒಳಗೆ ಹಾಕುವುದು ಉಚಿತ, ಹೊರಗೆ ತೆಗೆಯುವುದಕ್ಕೆ ದುಡ್ಡು. ನಿಮ್ಮಂಥ ಬಿಲ್ಲಿಂಗ್ ಕೆಲಸಕ್ಕೆ ಇದು ಅಷ್ಟೇನೂ ತಟ್ಟುವುದಿಲ್ಲ. ಆದರೆ ಸೀರೆ ಅಂಗಡಿಯವರು ಆನ್‌ಲೈನ್ ಮಾರಾಟಕ್ಕೆ 5 ಎಂಬಿಯ ಫೋಟೋಗಳನ್ನು ಹಾಕಿದರೆಂದುಕೊಳ್ಳಿ. ತಿಂಗಳಲ್ಲಿ ಅವು ಒಂದು ಲಕ್ಷ ಸಲ ತೆರೆದರೆ 500 ಜಿಬಿ ಹೊರಹೋಯಿತು. ಅಮೆಜಾನ್‌ನಲ್ಲಿ ಮೊದಲ 100 ಜಿಬಿ ಉಚಿತ. ಉಳಿದ 400ಕ್ಕೆ ಮುಂಬೈ ಕೇಂದ್ರದ ದರ ಜಿಬಿಗೆ ಸುಮಾರು 11 ಸೆಂಟ್‌ನಂತೆ 44 ಡಾಲರ್. ಅದೇ ಫೋಟೋವನ್ನು 500 ಕೆಬಿಗೆ ಇಳಿಸಿದರೆ ಇಡೀ ತಿಂಗಳ ಹೊರಹರಿವು 50 ಜಿಬಿ, ಶುಲ್ಕ ಸೊನ್ನೆ. ಬೇರೆ ಕ್ಲೌಡ್ ಹುಡುಕುವ ಮೊದಲು ಇಂಥದ್ದನ್ನು ಸರಿಮಾಡಿಕೊಳ್ಳಬೇಕು. ಪೂರ್ತಿಯಾಗಿ ಬಿಟ್ಟುಹೋಗುವವರಿಗೆ ಈ ಶುಲ್ಕವನ್ನು ಮೂರೂ ಕಂಪನಿಗಳು 2024ರಲ್ಲಿ ಷರತ್ತಿನ ಮೇಲೆ ಮನ್ನಾ ಮಾಡಿವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಬ್ಯಾಕಪ್ ಬಗ್ಗೆ. ಕ್ಲೌಡಿಗೆ ಹೋದರೆ ದತ್ತಾಂಶ ತಾನಾಗಿ ಕ್ಷೇಮ ಎಂದು ನಂಬಿದವರನ್ನು ಕಂಡಾಗ ಸಂಕಟವಾಗುತ್ತದೆ. ಕಟ್ಟಡ, ವಿದ್ಯುತ್, ಯಂತ್ರಗಳ ಹೊಣೆ ಕಂಪನಿಯದು. ನಿಮ್ಮ ಪಾಸ್‌ವರ್ಡ್, ನಿಮ್ಮ ದತ್ತಾಂಶ, ಅದರ ಪ್ರತಿ ನಿಮ್ಮ ಹೊಣೆ. ಕಂಪನಿಯ ಕಡೆಯಿಂದಲೂ ತಪ್ಪಾಗುತ್ತದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ವ್ಯವಸ್ಥೆಯ ದೊಡ್ಡ ಭಾಗ ಗೂಗಲ್ ಕ್ಲೌಡಿನ ಒಂದು ತಪ್ಪು ಸೆಟ್ಟಿಂಗಿನಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ತಮ್ಮ ಖಾತೆ ನೋಡಲಾಗದೆ ದಿನಗಟ್ಟಲೆ ಕಾದರು. ಆ ಸಂಸ್ಥೆ ಬೇರೊಬ್ಬ ಸೇವಾದಾರರ ಬಳಿಯೂ ಬ್ಯಾಕಪ್ ಇಟ್ಟಿದ್ದರಿಂದ ನಷ್ಟ ಕಡಿಮೆಯಾಯಿತು. ನೀವು ಯಾರನ್ನೇ ಆರಿಸಿ, ರಾತ್ರಿಯ ಒಂದು ಪ್ರತಿ ಇನ್ನೊಂದು ಕಂಪನಿಯಲ್ಲಿರಲಿ, ವಾರಕ್ಕೊಂದು ಪ್ರತಿ ಕಚೇರಿಯ ಡಿಸ್ಕಿನಲ್ಲಿರಲಿ.

ಹಾಗಾದರೆ ನೀವೇನು ಮಾಡಬೇಕು? ನಿಮ್ಮ ಇಮೇಲ್ ಈಗಾಗಲೇ ಮೈಕ್ರೋಸಾಫ್ಟ್ 365ರಲ್ಲಿದ್ದರೆ, ದಾಸ್ತಾನಿನ ತಂತ್ರಾಂಶದವರ ಅಡ್ಡಿ ಇಲ್ಲದಿದ್ದರೆ, ಅಜೂರ್‌ನ ಪುಣೆ ಕೇಂದ್ರ. ಇಲ್ಲವಾದರೆ ಅಮೆಜಾನ್‌ನ ಮುಂಬೈ. ಒಂದು ವರ್ಷ ಅಥವಾ ಮೂರು ವರ್ಷಕ್ಕೆ ಕಟ್ಟುಬಿದ್ದರೆ ದರ ಇಳಿಯುತ್ತದೆ ಎಂದು ಮಾರುವವರು ಒತ್ತಾಯಿಸುತ್ತಾರೆ. ಮೊದಲ ಮೂರು ತಿಂಗಳ ಬಿಲ್ ಕೈಗೆ ಬರುವ ತನಕ ಅದಕ್ಕೆ ಸಹಿ ಹಾಕಬೇಡಿ. ಖಾತೆ ತೆರೆದ ದಿನವೇ ಖರ್ಚಿನ ಮಿತಿಯ ಎಚ್ಚರಿಕೆ ನಿಮ್ಮ ಸ್ವಂತ ಇಮೇಲಿಗೆ ಬರುವಂತೆ ಮಾಡಿ. ಮುಖ್ಯ ಖಾತೆಯ ಪಾಸ್‌ವರ್ಡ್ ಮತ್ತು ಒಟಿಪಿ ನಿಮ್ಮಲ್ಲೇ ಇರಲಿ. ವ್ಯವಸ್ಥೆ ಮಾಡಿಕೊಟ್ಟವರಿಗೆ ಬೇರೆ ಲಾಗಿನ್ ಕೊಡಿ. ಗುತ್ತಿಗೆದಾರ ಮುನಿಸಿಕೊಂಡು ಹೋದ ಮೇಲೆ ತನ್ನದೇ ಲೆಕ್ಕ ತನಗೆ ಸಿಗದೆ ಒದ್ದಾಡಿದ ವ್ಯಾಪಾರಿಯೊಬ್ಬರನ್ನು ನಾನು ಬಲ್ಲೆ.

ಕರೆಂಟಿನ ಮಾತು ಉಳಿಯಿತು. ಸರ್ವರ್ ಮುಂಬೈಗೆ ಹೋದರೂ ನಿಮ್ಮ ಕಂಪ್ಯೂಟರ್, ರೂಟರ್ ದಾವಣಗೆರೆಯಲ್ಲೇ ಇರುತ್ತವೆ. ಯುಪಿಎಸ್‌ನ ಬ್ಯಾಟರಿ ಬದಲಾಯಿಸಲೇಬೇಕು. ಜೊತೆಗೆ ಬೇರೆ ಕಂಪನಿಯ ಎರಡನೇ ಇಂಟರ್ನೆಟ್ ಸಂಪರ್ಕ ಬೇಕು, ಏಕೆಂದರೆ ಇನ್ನು ಮೇಲೆ ತಂತಿ ತುಂಡಾದರೂ ಬಿಲ್ಲಿಂಗ್ ನಿಲ್ಲುತ್ತದೆ. ಈ ಎರಡರ ಖರ್ಚನ್ನೂ ಕ್ಲೌಡಿನ ಖರ್ಚಿಗೆ ಸೇರಿಸಿಯೇ ಲೆಕ್ಕ ಹಾಕಿ.

ಬದಲಾಯಿಸುವ ದಿನವನ್ನೂ ನೋಡಿಕೊಂಡು ಇಡಿ. ಜಿಎಸ್‌ಟಿ ವಿವರಗಳನ್ನು ಪ್ರತಿ ತಿಂಗಳು ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖು ತಲೆಬಿಸಿಯ ದಿನಗಳು. 21ರ ನಂತರದ ಮೊದಲ ಭಾನುವಾರ ದತ್ತಾಂಶವನ್ನು ಹೊಸ ಯಂತ್ರಕ್ಕೆ ನಕಲು ಮಾಡಿ, ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಖಾಲಿ ಯಂತ್ರವೊಂದಕ್ಕೆ ಮರಳಿ ಹಾಕಿಸಿ, ಶನಿವಾರ ಸಂಜೆಯ ಕೊನೆಯ ಬಿಲ್ ಸಂಖ್ಯೆ ಅದರಲ್ಲಿ ಕಾಣುತ್ತದೆಯೇ ಎಂದು ನೀವೇ ನೋಡಿ. ಹಳೆಯ ಸರ್ವರನ್ನು ಮುಂದಿನ 20ನೇ ತಾರೀಖು ದಾಟುವವರೆಗೆ ಆ ಮೂಲೆಯಿಂದ ಎತ್ತಬೇಡಿ.